ಕೆಲಸದ ದಿನವನ್ನು ಬರೆದು ಮುಗಿಸುವುದು

ಮನೆಯಿಂದಲೇ ತಂತ್ರಾಂಶ ನಿರ್ವಹಣೆಯ ಕೆಲಸ ಮಾಡತೊಡಗಿದ ಮೊದಲ ವರ್ಷ ನನ್ನ ಕೆಲಸದ ಹೊತ್ತೇನೂ ಹೆಚ್ಚಿರಲಿಲ್ಲ. ದಿನಕ್ಕೆ ಎಂಟು ಗಂಟೆಗಳ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ರಾತ್ರಿ ಊಟಕ್ಕೆ ಕುಳಿತು ಮಗಳ ಮಾತು ಕೇಳುತ್ತಿರುವಾಗಲೂ ಮನಸ್ಸು ಸಂಜೆ ಅರ್ಧಕ್ಕೆ ಬಿಟ್ಟುಬಂದ ತಂತ್ರಾಂಶದ ದೋಷದ ಸುತ್ತಲೇ ಸುಳಿಯುತ್ತಿತ್ತು. ಒಂದೇ ಸಂಗತಿಯನ್ನು ಅವಳು ಎರಡು ಬಾರಿ ಹೇಳಬೇಕಾಗಿ ಬಂದ ದಿನ ನನಗೆ ನಿಜಕ್ಕೂ ನೋವಾಯಿತು.

ಮೊದಲು ಫೋನನ್ನು ದೂರವಿಟ್ಟು ನೋಡಿದೆ. ಸಂದೇಶಗಳ ಸದ್ದು ನಿಂತಿತೇ ಹೊರತು ಯೋಚನೆ ನಿಲ್ಲಲಿಲ್ಲ. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲಿಯೇ ವರದಿ ಮಾಡಿದ್ದರು. ಕೆಲಸ ಮುಗಿಯದಿದ್ದರೂ, ಅದನ್ನು ಮುಂದೆ ಹೇಗೆ ಮಾಡುವುದೆಂಬ ಖಚಿತ ಯೋಜನೆಯಿದ್ದರೆ ಆ ಕಾಟ ತಗ್ಗುತ್ತದೆ ಎಂದು ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ನನಗೆ ದಾರಿ ಕಂಡದ್ದು ಇಲ್ಲಿ.

ದಿನದ ಕೊನೆಯ ಹದಿನೈದು ನಿಮಿಷ ಹೊಸದೇನನ್ನೂ ಕೈಗೆತ್ತಿಕೊಳ್ಳದೆ, ಪ್ರತಿ ಕೆಲಸ ಎಲ್ಲಿಗೆ ನಿಂತಿದೆ, ನಾಳೆಯ ಮೊದಲ ಹೆಜ್ಜೆ ಯಾವುದು, ಯಾರನ್ನು ಏನು ಕೇಳಬೇಕು ಎಂಬುದನ್ನು ಪುಸ್ತಕದಲ್ಲಿ ಕೈಯಿಂದ ಬರೆಯತೊಡಗಿದೆ. ‘ದೋಷ ಸರಿಪಡಿಸಬೇಕು’ ಎಂದಷ್ಟೇ ಬರೆದ ದಿನಗಳಲ್ಲಿ ಏನೂ ಪ್ರಯೋಜನವಾಗಲಿಲ್ಲ. ‘ಒಂಬತ್ತಕ್ಕೆ ಎರಡನೆಯ ಪರೀಕ್ಷೆಯ ಲಾಗ್ (ದಾಖಲೆ) ತೆರೆದು, ಕಳೆದ ವಾರದ ಲಾಗ್‌ನೊಂದಿಗೆ ಹೋಲಿಸಬೇಕು’ ಎಂದು ಬರೆದ ದಿನ ಮನಸ್ಸು ಹಗುರವಾಗುತ್ತಿತ್ತು. ಊಟದ ನಡುವೆ ಏನಾದರೂ ಹೊಳೆದರೆ ಅದೇ ಪುಟದಲ್ಲಿ ಒಂದು ಸಾಲು ಸೇರಿಸುತ್ತೇನೆ, ಲ್ಯಾಪ್‌ಟಾಪ್ ತೆರೆಯುವುದಿಲ್ಲ.

ಇಷ್ಟಾದ ಮೇಲೆ, ತಂಡದವರ ಸಂಜೆಗಳನ್ನು ನಾನೇ ಕೆಡಿಸುತ್ತಿದ್ದೇನೆ ಎಂಬುದು ಅರಿವಿಗೆ ಬಂತು. ರಾತ್ರಿ ಹತ್ತಕ್ಕೆ ನಾನು ಕಳುಹಿಸುತ್ತಿದ್ದ ಸಂದೇಶಕ್ಕೆ ಆಗಲೇ ಉತ್ತರ ಬೇಕೆಂದು ನಾನು ಹೇಳದಿದ್ದರೂ ಅವರು ಉತ್ತರಿಸುತ್ತಿದ್ದರು. ಈಗ ಅಂಥ ಸಂದೇಶಗಳು ಬೆಳಿಗ್ಗೆ ತಲುಪುವಂತೆ ಸಮಯ ಹೊಂದಿಸುತ್ತೇನೆ. ನಿಜವಾದ ತುರ್ತಿಗೆ ಫೋನ್ ಕರೆ ಮಾತ್ರ, ಅದೂ ಆ ವಾರ ತುರ್ತು ಕೆಲಸ ನೋಡಿಕೊಳ್ಳುವ ಪಾಳಿಯಲ್ಲಿರುವವರಿಗೆ. ಫ್ರಾನ್ಸ್‌ನಲ್ಲಿ 2017ರ ಜನವರಿ 1ರಿಂದ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರ ಪ್ರತಿನಿಧಿಗಳೊಂದಿಗೆ ಮಾತುಕತೆ ನಡೆಸಬೇಕಾಗಿದೆ. ಇದು ಒಬ್ಬೊಬ್ಬರ ಮನೋಬಲಕ್ಕೆ ಬಿಡುವ ವಿಷಯವಲ್ಲವೆಂದೇ ನಾನೂ ನಂಬಿದ್ದೇನೆ.

ಪಾಳಿ ನನ್ನದಾದ ವಾರ ಕೆಲಸ ಮತ್ತು ಮನೆಯ ನಡುವಿನ ಈ ಗೆರೆ ಉಳಿಯುವುದಿಲ್ಲ. ಅದರ ಮರುವಾರ ಸೋಮವಾರ ಮಧ್ಯಾಹ್ನದವರೆಗೆ ಕೆಲಸಕ್ಕೆ ಕೂರುವುದಿಲ್ಲವೆಂದು ತಂಡಕ್ಕೆ ಮೊದಲೇ ತಿಳಿಸಿರುತ್ತೇನೆ.