ಪಂಚಾಂಗ ಮುಂದಿಟ್ಟುಕೊಂಡು ವಸಂತದ ಬೆಂಗಳೂರು ಸುತ್ತುವುದು

ಮಹಾಶಿವರಾತ್ರಿಯಿಂದ ಚೈತ್ರ ಹುಣ್ಣಿಮೆಯವರೆಗೆ ಬೆಂಗಳೂರಿನಲ್ಲಿ ನಡೆಯುವ ಸಂಗೀತ, ನಾಟಕ, ಸಿನಿಮಾ, ಚಿತ್ರಪ್ರದರ್ಶನಗಳ ಪಟ್ಟಿಯೊಂದನ್ನು ನಾನು ಪ್ರತಿ ವರ್ಷ ಸಿದ್ಧಪಡಿಸುತ್ತೇನೆ. ಅದನ್ನು ಬಳಸುವವರು ನಮ್ಮ ಬಡಾವಣೆಯ ಒಂದಷ್ಟು ಮಂದಿ. ಅವರಲ್ಲಿ ಹೆಚ್ಚಿನವರು ನಿವೃತ್ತರು, ಕೆಲವರು ಕಚೇರಿ ಮುಗಿಸಿ ನೇರವಾಗಿ ಸಭಾಂಗಣಕ್ಕೆ ಬರುವವರು, ಉಳಿದವರು ಮಕ್ಕಳ ಪರೀಕ್ಷೆಯ ನಡುವೆ ಒಂದು ಸಂಜೆಯನ್ನಾದರೂ ತಮಗಾಗಿ ಉಳಿಸಿಕೊಳ್ಳಬೇಕೆನ್ನುವ ತಾಯಂದಿರು. ಕಾರ್ಯಕ್ರಮಗಳ ಹೆಸರು ಮತ್ತು ದಿನಾಂಕಗಳನ್ನು ಮಾತ್ರ ಒಂದರ ಕೆಳಗೊಂದು ಬರೆದುಕೊಟ್ಟರೆ ಇವರಲ್ಲಿ ಯಾರಿಗೂ ಉಪಯೋಗವಿಲ್ಲ, ಏಕೆಂದರೆ ಆ ಮಾಹಿತಿ ಪತ್ರಿಕೆಯಲ್ಲೂ ಮೊಬೈಲಿನಲ್ಲೂ ಬೇಕಾದಷ್ಟು ಸಿಗುತ್ತದೆ. ಯಾವ ಸಂಜೆ ಯಾವುದನ್ನು ಬಿಡಬಹುದು, ಎಲ್ಲಿ ಎಷ್ಟು ಹೊತ್ತಿಗೆ ಮುಂಚೆ ಹೋಗಬೇಕು, ಮನೆಗೆ ಹಿಂದಿರುಗುವುದು ಹೇಗೆ ಎಂಬುದನ್ನು ಸೇರಿಸಿದಾಗಲೇ ಅದು ಪಟ್ಟಿ ಎನಿಸಿಕೊಳ್ಳುತ್ತದೆ.

ಕೆಲಸ ಆರಂಭವಾಗುವುದು ಪಂಚಾಂಗದಿಂದ. ನಾಟಕದವರೂ ಸಿನಿಮಾದವರೂ ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ನಡೆಯುತ್ತಾರೆ. ರಾಮನವಮಿ ಸಂಗೀತೋತ್ಸವ ಮತ್ತು ಕರಗ ತಿಥಿಯ ಲೆಕ್ಕದಲ್ಲಿ ನಡೆಯುತ್ತವೆ. ಈ ಎರಡು ಲೆಕ್ಕಗಳು ಒಂದರ ಮೇಲೊಂದು ಬೀಳುವ ಬಗೆ ಪ್ರತಿ ವರ್ಷ ಬೇರೆಯಾಗಿರುತ್ತದೆ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂದಿತ್ತು, ಆ ವರ್ಷ ಅಧಿಕ ಶ್ರಾವಣವೆಂಬ ಹೆಚ್ಚುವರಿ ತಿಂಗಳು ಬಂದದ್ದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಜಿಗಿಯಿತು, 2025ರಲ್ಲಿ ಮತ್ತೆ ಮಾರ್ಚ್ 30ಕ್ಕೆ ಹಿಂದೆ ಸರಿಯಿತು. ಯುಗಾದಿ ಸರಿದಂತೆ ರಾಮನವಮಿಯೂ ಸರಿಯುತ್ತದೆ, ಅದರ ಬೆನ್ನಿಗೆ ಕರಗವೂ ಸರಿಯುತ್ತದೆ. ಹೀಗಾಗಿ ಕಳೆದ ವರ್ಷದ ಪಟ್ಟಿಯ ದಿನಾಂಕಗಳನ್ನಷ್ಟೇ ತಿದ್ದಿ ಹೊಸದೆಂದು ಹಂಚುವ ಸುಲಭದ ದಾರಿ ಈ ಋತುವಿಗೆ ಒಗ್ಗುವುದಿಲ್ಲ. ಅಧಿಕ ಮಾಸದ ಮರುವರ್ಷ ಸಂಗೀತೋತ್ಸವದ ಬಹುಭಾಗ ಏಪ್ರಿಲ್ ಸೆಕೆಗೆ ಹೋಗುತ್ತದೆ, ಜೊತೆಗೆ ಸಂಜೆಯ ಗುಡುಗು ಮಳೆಯ ಸಾಧ್ಯತೆಯೂ ಸೇರಿಕೊಳ್ಳುತ್ತದೆ. ಯುಗಾದಿ ಮಾರ್ಚಿನಲ್ಲೇ ಬಂದ ವರ್ಷ ಪರೀಕ್ಷೆಗಳೊಡನೆ ಗುದ್ದಾಟ ಹೆಚ್ಚು.

ತೀರಾ ಇಕ್ಕಟ್ಟಾದ ವಸಂತವೆಂದರೆ 2023ರದು. ಬೆಂಗಳೂರು ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ಆ ವರ್ಷ ಮಾರ್ಚ್ 23ರಿಂದ 30ರವರೆಗೆ ನಡೆಯಿತು. ಯುಗಾದಿಯ ಮರುದಿನ ಆರಂಭವಾಗಿ ರಾಮನವಮಿಯ ದಿನವೇ ಮುಗಿದ ಆ ಉತ್ಸವದ ನಡುವೆ ಮಾರ್ಚ್ 27ರ ವಿಶ್ವ ರಂಗಭೂಮಿ ದಿನವೂ ಬಂತು. ಮೂರು ಬಗೆಯ ರಸಿಕರನ್ನು ಒಂದೇ ಪಟ್ಟಿಯಲ್ಲಿ ಸಮಾಧಾನಪಡಿಸುವುದು ಹೇಗೆಂದು ಯೋಚಿಸುತ್ತಿದ್ದಾಗ ನೆರವಿಗೆ ಬಂದದ್ದು ಮೆಟ್ರೋ ನಕ್ಷೆ. ಚಲನಚಿತ್ರೋತ್ಸವ ನಡೆದ ರಾಜಾಜಿನಗರದ ಮಾಲ್, ರಾಮನವಮಿ ಸಂಗೀತ ಕಛೇರಿಗಳ ಚಾಮರಾಜಪೇಟೆ, ಸಂಗೀತ ಸಭಾಂಗಣವಿರುವ ಗಾಯನ ಸಮಾಜ, ಜೆ.ಪಿ. ನಗರದ ನಾಟಕಮಂದಿರ ರಂಗಶಂಕರ, ಇವೆಲ್ಲವೂ ಹಸಿರು ಮಾರ್ಗದ ಆಸುಪಾಸಿನಲ್ಲೇ ಇವೆ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ಹತ್ತಿದವರು ಕೃಷ್ಣರಾಜ ಮಾರುಕಟ್ಟೆಯಲ್ಲಿ ಇಳಿದರೆ ರಾಮನವಮಿ ಕಛೇರಿಗಳ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ನಡೆದೇ ಹೋಗಬಹುದು. ಗಾಯನ ಸಮಾಜಕ್ಕೆ ನ್ಯಾಷನಲ್ ಕಾಲೇಜು ನಿಲ್ದಾಣ. ರಂಗಶಂಕರಕ್ಕೆ ಜಯಪ್ರಕಾಶ ನಗರದಲ್ಲಿ ಇಳಿದು ಆಟೋ ಹಿಡಿಯಬೇಕು. ಅಂದಿನಿಂದ ನನ್ನ ಪಟ್ಟಿಯನ್ನು ಬಡಾವಣೆಗಳ ಬದಲು ನಿಲ್ದಾಣಗಳ ಕ್ರಮದಲ್ಲಿ ಜೋಡಿಸುತ್ತಿದ್ದೇನೆ. ಹಗಲು ಸಿನಿಮಾ, ಸಂಜೆ ಕಛೇರಿ ಎಂದು ದಿನವನ್ನು ಎರಡಾಗಿ ಮುರಿಯಲು ಸಾಧ್ಯವಾಗುವುದೂ ಈ ಜೋಡಣೆಯಿಂದಲೇ. ನಾಲ್ಕು ಗಂಟೆಯ ನಂತರ ಶುರುವಾಗುವ ಸಿನಿಮಾವನ್ನು ಒಪ್ಪಿಕೊಂಡವರು ಅಂದಿನ ಕಛೇರಿಯನ್ನು ಕೈಬಿಡಬೇಕು ಎಂದೂ ಪಟ್ಟಿಯಲ್ಲೇ ಬರೆದುಬಿಡುತ್ತೇನೆ. ಎರಡನ್ನೂ ಅರ್ಧರ್ಧ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಆ ಆಸೆಗೆ ಪಟ್ಟಿ ಕುಮ್ಮಕ್ಕು ಕೊಡಬಾರದು.

ಈ ಋತುವಿನ ಬೆನ್ನೆಲುಬು ರಾಮನವಮಿ ಸಂಗೀತೋತ್ಸವ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದರು. ಎಂ.ಎಸ್. ಸುಬ್ಬುಲಕ್ಷ್ಮಿ ಅವರಂಥ ಕರ್ನಾಟಕ ಸಂಗೀತದ ದಿಗ್ಗಜರೂ, ಭೀಮಸೇನ ಜೋಶಿ ಅವರಂಥ ಹಿಂದೂಸ್ತಾನಿ ಗಾಯಕರೂ ಹಾಡಿದ ವೇದಿಕೆ ಅದು. ಅಲ್ಲದೆ ಮಲ್ಲೇಶ್ವರ, ಶೇಷಾದ್ರಿಪುರ, ಬಸವನಗುಡಿ, ಜಯನಗರಗಳ ಸಂಗೀತ ಸಭೆಗಳೂ ದೇವಸ್ಥಾನಗಳೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಈ ದಿನಗಳಲ್ಲಿ ಕಛೇರಿಗಳನ್ನು ಏರ್ಪಡಿಸುತ್ತವೆ. ಹೊಸಬರು ದೊಡ್ಡ ಹೆಸರಿರುವ ಕಡೆಗೇ ಧಾವಿಸುತ್ತಾರೆ. ನನ್ನ ಅನುಭವದಲ್ಲಿ, ಬಡಾವಣೆಯ ಗುಡಿಯಲ್ಲಿ ಎಳೆಯ ಕಲಾವಿದರೊಬ್ಬರು ಹಾಡುವುದನ್ನು ಐದಡಿ ದೂರದಿಂದ ಕೇಳುವುದರಲ್ಲಿ ಬೇರೆಯದೇ ಲಾಭವಿದೆ. ಅಲ್ಲಿ ಪಕ್ಕವಾದ್ಯದವರ ನಡುವಿನ ಕಣ್ಸನ್ನೆ, ಕೈತಾಳ, ಶ್ರುತಿ ಸರಿಮಾಡಿಕೊಳ್ಳುವ ಸಣ್ಣ ಸಣ್ಣ ಪ್ರಯತ್ನಗಳೆಲ್ಲ ಕಾಣಿಸುತ್ತವೆ.

ಪೆಂಡಾಲಿನ ಕಛೇರಿಗೂ ಸಭಾಂಗಣದ ಕಛೇರಿಗೂ ಇರುವ ವ್ಯತ್ಯಾಸವನ್ನು ಪಟ್ಟಿಯಲ್ಲಿ ಸೂಚಿಸುವುದನ್ನು ನಾನು ಬಹಳ ಮುಖ್ಯವೆಂದು ಭಾವಿಸಿದ್ದೇನೆ. ಒಣಹವೆಯ ಮಾರ್ಚಿನಲ್ಲಿ ಮೃದಂಗದ ಚರ್ಮ ಬಿಗಿಯುತ್ತದೆ. ಎಡಮುಖವಾದ ತೊಪ್ಪಿಗೆ ಮೆತ್ತುವ ರವೆಯ ಕಣಕ ಬೇಗ ಒಣಗಿ ನಾದದ ಗಾಂಭೀರ್ಯ ಕಡಿಮೆಯಾಗುತ್ತದೆ. ಮುಂದಿನ ಸಾಲಿನಲ್ಲಿ ಕುಳಿತವರು ಗಮನಿಸಿದರೆ, ಎರಡು ಕೀರ್ತನೆಗಳ ನಡುವೆ ಮೃದಂಗ ವಿದ್ವಾಂಸರು ಬೆರಳನ್ನು ನೀರಿಗದ್ದಿ ಆ ಕಣಕವನ್ನು ಒದ್ದೆ ಮಾಡುವುದೂ, ವಾದ್ಯವನ್ನು ಸ್ವಲ್ಪ ತಿರುಗಿಸಿ, ಬಲಮುಖದ ಅಂಚಿಗೆ ಕಲ್ಲಿನಿಂದ ಮೆಲ್ಲನೆ ತಟ್ಟಿ ಶ್ರುತಿ ಹೊಂದಿಸುವುದೂ ಕಾಣುತ್ತದೆ. ಗಾಯಕರ ಬಲಗಡೆ ಮೃದಂಗ, ಎಡಗಡೆ ಪಿಟೀಲು ಇರುವುದು ಸಾಮಾನ್ಯ ಪದ್ಧತಿಯಾದ್ದರಿಂದ, ಇದನ್ನು ನೋಡಬೇಕೆನ್ನುವವರು ಶ್ರೋತೃಗಳ ಎಡಭಾಗದಲ್ಲಿ ಕುಳಿತುಕೊಳ್ಳಬೇಕು. ಪೆಂಡಾಲಿನಲ್ಲಿ ಧ್ವನಿವರ್ಧಕದ ನೇರಕ್ಕೆ ಕೂರುವುದಕ್ಕಿಂತ ನಡುವಿನಿಂದ ಸ್ವಲ್ಪ ಹಿಂದೆ, ಫ್ಯಾನಿನ ಸದ್ದಿನಿಂದ ದೂರ ಕೂರುವುದು ಲೇಸು. ಬಸ್ಸಿನ ಹಾರನ್ನು, ಹಿಂದಿನ ಸಾಲಿನ ಮಾತು, ಆಗಾಗ ಹಾದುಹೋಗುವ ಮೆರವಣಿಗೆಯ ತಮಟೆ, ಇವೆಲ್ಲ ಬೇಡವೆನ್ನುವವರಿಗೆ 1905ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಯನ ಸಮಾಜದ ಸಭಾಂಗಣದಂಥ ಜಾಗಗಳಿವೆ. ನನಗಂತೂ ಪೆಂಡಾಲೇ ಇಷ್ಟ. ಆಲಾಪನೆಯನ್ನು ಬೀದಿಯ ಗದ್ದಲದ ನಡುವೆಯೂ ನಿಲ್ಲಿಸಬಲ್ಲ ಗಾಯಕರ ಶಕ್ತಿ ಏನೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ.

ಕಛೇರಿಯ ಸಮಯವನ್ನು ಬರೆಯುವಾಗ ಆರಂಭದ ಗಂಟೆಯೊಂದೇ ಸಾಲದು. ಸಂಜೆ ಆರೂವರೆಗೆ ಆರಂಭವಾಗುವ ಪೂರ್ಣ ಪ್ರಮಾಣದ ಕಛೇರಿಯಲ್ಲಿ ವರ್ಣ, ಒಂದೆರಡು ಚಿಕ್ಕ ಕೃತಿಗಳು ಮುಗಿದು ಪ್ರಧಾನ ರಾಗ ತೆರೆದುಕೊಳ್ಳುವ ಹೊತ್ತಿಗೆ ಸುಮಾರು ಎಂಟಾಗಿರುತ್ತದೆ. ಕೆಲಸ ಮುಗಿಸಿ ತಡವಾಗಿ ಬರುವವರಿಗೆ ಇದು ತಿಳಿದಿದ್ದರೆ ಅವರು ಅರ್ಧ ದಾರಿಯಿಂದ ಮನೆಗೆ ತಿರುಗುವುದಿಲ್ಲ. ನಮ್ಮ ಗುಂಪಿನ ಹಿರಿಯರೊಬ್ಬರು ಒಮ್ಮೆ, “ತನಿ ಎಷ್ಟು ಹೊತ್ತಿಗೆ ಬರುತ್ತೆ ಅಂತಾನೂ ಬರೆದುಬಿಡಿ ಸ್ವಾಮಿ, ಕಾಫಿಗೆ ಎದ್ದುಹೋಗೋಕೆ ಅನುಕೂಲ” ಎಂದರು. ತನಿ ಆವರ್ತನದ, ಎಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದ ಹೊತ್ತಿಗೆ ಎದ್ದುಹೋಗುವ ಈ ಅಭ್ಯಾಸ ನಗರದ ಎಲ್ಲ ಸಭೆಗಳಲ್ಲೂ ಇದೆ. ಅದನ್ನು ತಡೆಯುವುದು ನನ್ನಿಂದಾಗದು, ಆದರೆ ಆ ಸಮಯವನ್ನು ಮಾತ್ರ ನಾನು ಬರೆಯುವುದಿಲ್ಲ. ಬದಲಿಗೆ ಅಂದು ಮೃದಂಗ, ಘಟ, ಖಂಜೀರ ನುಡಿಸುವವರು ಯಾರೆಂಬುದನ್ನು ಗಾಯಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಆಹ್ವಾನಪತ್ರಿಕೆಗಳಲ್ಲಿ ಪಕ್ಕವಾದ್ಯದವರ ಹೆಸರು ಕೆಳಗೆಲ್ಲೋ ಸಣ್ಣದಾಗಿರುತ್ತದೆ, ಒಮ್ಮೊಮ್ಮೆ ಇರುವುದೂ ಇಲ್ಲ. ಹಾಗಿದ್ದಾಗ ಫೋನು ಮಾಡಿ ಕೇಳಿಕೊಳ್ಳುತ್ತೇನೆ.

ನಾಟಕದ ವಿಚಾರದಲ್ಲಿ ಬರೆಯಬೇಕಾದದ್ದು ಕಡಿಮೆ, ಆದರೆ ಅದನ್ನು ಖಡಾಖಂಡಿತವಾಗಿ ಬರೆಯಬೇಕು. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರು ಕಟ್ಟಿ ನಿಲ್ಲಿಸಿದ ರಂಗಶಂಕರ 2004ರಲ್ಲಿ ತೆರೆದಂದಿನಿಂದ ತಡವಾಗಿ ಬಂದವರನ್ನು ಒಳಗೆ ಬಿಡದ ಶಿಸ್ತಿಗೆ ಹೆಸರಾಗಿದೆ. ಏಳೂವರೆಯ ನಾಟಕಕ್ಕೆ ಏಳಕ್ಕೇ ಅಲ್ಲಿರಬೇಕೆಂದು ನಮ್ಮ ಪಟ್ಟಿ ಹೇಳುತ್ತದೆ. ಸಂಜೆಯ ಸಂಚಾರದ ನೆಪ ಅಲ್ಲಿ ನಡೆಯುವುದಿಲ್ಲ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ್ದು ಬೇರೆ ಲಯ. 1963ರಲ್ಲಿ ಬಾಗಿಲು ತೆರೆದ ಆ ಮಂದಿರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದಲ್ಲಿರುವ ನಯನ ಸಭಾಂಗಣ, ಈ ಮೂರರ ನಡುವೆ ಮಾರ್ಚ್ ಕೊನೆಯ ವಾರದಲ್ಲಿ ಓಡಾಡಿದರೆ ನಾಟಕಕ್ಕಿಂತ ಮೊದಲಿನ ಚಹಾ ಮತ್ತು ಮಾತೇ ಒಂದು ಕಾರ್ಯಕ್ರಮವೆನಿಸುತ್ತದೆ. ಅಲ್ಲಿ ಸಭಾ ಕಾರ್ಯಕ್ರಮ, ಸನ್ಮಾನ, ಭಾಷಣಗಳು ಮುಗಿದ ಮೇಲೆ ನಾಟಕ ಆರಂಭವಾಗುವುದು ಸಾಮಾನ್ಯವಾದ್ದರಿಂದ, ಆಹ್ವಾನಪತ್ರಿಕೆಯಲ್ಲಿ ‘ನಂತರ ನಾಟಕ ಪ್ರದರ್ಶನ’ ಎಂದಿದ್ದರೆ ಆ ‘ನಂತರ’ಕ್ಕೆ ಒಂದು ಗಂಟೆಯನ್ನು ನಾನೇ ಸೇರಿಸಿಕೊಳ್ಳುತ್ತೇನೆ.

ಯಕ್ಷಗಾನ ಏಕಿಲ್ಲ ಎಂದು ಕರಾವಳಿ ಮೂಲದ ಗೆಳೆಯರು ಪ್ರತಿ ವರ್ಷ ಕೇಳುತ್ತಾರೆ. ಕರಾವಳಿಯ ಮೇಳಗಳು ಮಳೆ ನಿಂತ ಮೇಲೆ ತಿರುಗಾಟಕ್ಕೆ ಹೊರಟು ಮೇ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ದಿನದ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಹಾಗಾಗಿ ವಸಂತದಲ್ಲಿ ಅವು ತಮ್ಮ ಊರುಗಳ ಹರಕೆಯಾಟಗಳಲ್ಲಿ ಮುಳುಗಿರುತ್ತವೆ. ಬೆಂಗಳೂರಿಗೆ ಆ ಕಲಾವಿದರು ಗುಂಪುಕಟ್ಟಿ ಬರುವುದು ಮಳೆಗಾಲದಲ್ಲಿ. ಈ ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗವಿಲ್ಲದಿರುವುದಕ್ಕೆ ಕಾರಣ ಇಷ್ಟೇ.

ಹಗಲಿನ ಹೊತ್ತಿಗೆ ಚಿತ್ರಶಾಲೆಗಳಿವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಸೋಮವಾರ ರಜೆ; ರಂಗಶಂಕರದಲ್ಲೂ ಸಾಮಾನ್ಯವಾಗಿ ಸೋಮವಾರ ನಾಟಕವಿರುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಸೋಮವಾರವನ್ನು ವಿಶ್ರಾಂತಿಗೆ ಬಿಡುತ್ತೇನೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಿಗೆ ಬೆಳಿಗ್ಗೆ ಹೋಗುವುದು ಒಳ್ಳೆಯದು. ಮಾರ್ಚಿನಲ್ಲಿ ಆ ಕಡೆ ಹೋಗುವವರು ರಸ್ತೆಬದಿಯ ಗುಲಾಬಿ ಟಬೂಬಿಯಾ ಮರಗಳನ್ನು ನೋಡಿಕೊಂಡು ಹೋಗಬಹುದು, ಅದಕ್ಕೆ ಟಿಕೆಟೂ ಬೇಡ, ನನ್ನ ಪಟ್ಟಿಯೂ ಬೇಡ.

ಪಟ್ಟಿಯ ಕೊನೆಯ ಪುಟ ಇಡಿಯಾಗಿ ಕರಗಕ್ಕೆ ಮೀಸಲು. ಅದನ್ನು ಮನರಂಜನೆಯ ಸಾಲಿಗೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಈ ಉತ್ಸವ ತಿಗಳ ಸಮುದಾಯದವರ ವ್ರತ, ದ್ರೌಪದಿಯ ಆರಾಧನೆ. ಅದನ್ನು ನೋಡಲು ಹೋಗುವ ನಾವು ಅತಿಥಿಗಳು ಎಂದು ಆ ಪುಟದ ಮೊದಲ ಸಾಲಿನಲ್ಲೇ ಬರೆದಿರುತ್ತೇನೆ. ಆದರೂ ಲಯ, ಬಣ್ಣ, ನಡಿಗೆಗಳ ದೃಷ್ಟಿಯಿಂದ ನಗರದ ವಸಂತದಲ್ಲಿ ಇದಕ್ಕೆ ಸಮನಾದದ್ದು ಮತ್ತೊಂದಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ, ನಡುರಾತ್ರಿ ಕಳೆದ ಮೇಲೆ, ಸ್ತ್ರೀವೇಷದ ಕರಗ ಪೂಜಾರಿ ತಲೆಯ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಕರಗ ಹೊತ್ತು ಗುಡಿಯಿಂದ ಹೊರಬರುವ ಕ್ಷಣಕ್ಕಾಗಿ ಎಲ್ಲರೂ ಗುಡಿಯ ಮುಂದೆಯೇ ಜಮಾಯಿಸುತ್ತಾರೆ. ಕರಗವನ್ನು ಅವರು ಕೈಯಿಂದ ಹಿಡಿಯುವುದಿಲ್ಲ. ಸುತ್ತ ಕತ್ತಿ ಹಿಡಿದ ವೀರಕುಮಾರರು ‘ಗೋವಿಂದಾ ಗೋವಿಂದಾ’ ಎನ್ನುತ್ತ ಸಾಗುತ್ತಾರೆ. ಗುಡಿಯ ಮುಂದಿನ ನೂಕುನುಗ್ಗಲಿನಲ್ಲಿ ವಯಸ್ಸಾದವರಿಗೂ ಮಕ್ಕಳಿಗೂ ಕಾಣುವುದು ಮುಂದಿನವರ ಬೆನ್ನು ಮಾತ್ರ. ನಾನು ಸೂಚಿಸುವುದು ಪೇಟೆಯ ಒಳಬೀದಿಗಳನ್ನು. ಕರಗ ಪೇಟೆಯ ಬೀದಿಗಳನ್ನು ಸುತ್ತಿ, ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಟ್ಟು, ಬೆಳಗಾಗುವ ಹೊತ್ತಿಗೆ ಹಿಂದಿರುಗುತ್ತದೆ. ಒಂದು ಬೀದಿಯ ಅಂಗಡಿ ಜಗಲಿಯ ಮೇಲೆ ಜಾಗ ಹಿಡಿದು ತಾಳ್ಮೆಯಿಂದ ಕಾದರೆ ಕರಗ ನಮ್ಮ ಮುಂದೆಯೇ ಹಾದುಹೋಗುತ್ತದೆ. ಗಂಟೆ ಹೀಗೆಯೇ ಎಂದು ಹೇಳಲು ಬರುವುದಿಲ್ಲ. ರಂಗೋಲಿ ಬಿಡಿಸಿ, ಹೂವು ಹಿಡಿದು ಕಾಯುತ್ತಿರುವ ಆ ಬೀದಿಯ ಮನೆಯವರನ್ನು ಕೇಳಿದರೆ ಯಾವ ಪಟ್ಟಿಗಿಂತಲೂ ನಿಖರವಾದ ಉತ್ತರ ಸಿಗುತ್ತದೆ.

ಮೆಟ್ರೋ ಆ ಹೊತ್ತಿಗೆ ಇರುವುದಿಲ್ಲವಾದ್ದರಿಂದ, ಕರಗಕ್ಕೆ ಹೊರಡುವವರು ರಾತ್ರಿಯ ಕೊನೆಯ ರೈಲಿನಲ್ಲಿ ಬಂದು ಬೆಳಗಿನ ಮೊದಲ ರೈಲಿನಲ್ಲಿ ಹಿಂದಿರುಗುವ ಲೆಕ್ಕ ಹಾಕಿಕೊಳ್ಳಬೇಕು. ನಡುವಿನ ಗಂಟೆಗಳಿಗೆ ನೀರಿನ ಬಾಟಲಿ, ಸವೆದ ಚಪ್ಪಲಿ, ಜೊತೆಗೊಬ್ಬರು ಸಾಕು. ಹುಣ್ಣಿಮೆ ಕಳೆದರೆ ನಮ್ಮ ಗುಂಪಿನ ಪಟ್ಟಿ ಮುಗಿಯುತ್ತದೆ. ವೈಶಾಖದಲ್ಲಿ ಕಲ್ಯಾಣಮಂಟಪಗಳು ಮದುವೆಗಳಿಗೆ ಸಲ್ಲುತ್ತವೆ, ರಂಗಮಂದಿರಗಳು ಮಕ್ಕಳ ಬೇಸಿಗೆ ಶಿಬಿರಗಳಿಗೆ. ಶಿಬಿರದ ಕೊನೆಗೆ ಮಕ್ಕಳು ಆಡುವ ನಾಟಕಗಳ ವಿವರ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳಿಂದಲೇ ತಲುಪುತ್ತದೆ, ಆದ್ದರಿಂದ ಅವುಗಳನ್ನು ನಾನು ಸೇರಿಸುವುದಿಲ್ಲ.