ಒಡೆದ ಸದ್ದಿನ ಬೆನ್ನು ಹತ್ತಿ

ಆ ಹಾಡು ಶುರುವಾಗುವುದೇ ಗಿಟಾರಿನಿಂದ. ಬೀಟಲ್ಸ್ 1968ರಲ್ಲಿ 'ಹೇ ಜೂಡ್' ರೆಕಾರ್ಡಿನ ಹಿಂಬದಿಯಲ್ಲಿ ಕೊಟ್ಟ 'ರೆವಲ್ಯೂಷನ್'. ತಗಡನ್ನು ಗರಗಸದಲ್ಲಿ ಕೊಯ್ದ ಹಾಗಿರುತ್ತೆ ಆ ಸದ್ದು. ಮೊದಲ ಸಲ ಕೇಳಿದಾಗ ಹೆಡ್‌ಫೋನಿನ ವೈರ್ ಸಡಿಲವಾಗಿದೆ ಅಂದುಕೊಂಡು ಅಲ್ಲಾಡಿಸಿ ನೋಡಿದ್ದೆ. ಹಾಡುವ ದನಿ ಬಂದಾಗ ಅದು ಸರಿಯಾಗೇ ಇತ್ತು. ಕೆಟ್ಟಿದ್ದು ವೈರ್ ಅಲ್ಲ, ಗಿಟಾರನ್ನೇ ಹಾಗೆ ರೆಕಾರ್ಡ್ ಮಾಡಿದ್ದಾರೆ ಅಂತ ಆಗ ಗೊತ್ತಾಯಿತು.

ನಾನು ಬೆಂಗಳೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್. ಹಗಲಿಗೆ ಬೇರೆ ಕೆಲಸ ಇದೆ. ರಾತ್ರಿ ಊಟ ಆದಮೇಲೆ ಹಳೇ ರಾಕ್ ಹಾಡುಗಳನ್ನು ಹಾಕಿಕೊಂಡು, ಈ ಟೋನ್ ಹೇಗೆ ಬಂತು ಅಂತ ಹುಡುಕುತ್ತಾ ಕೂರುವುದು ನನಗೆ ತುಂಬಾ ಇಷ್ಟ.

'ರೆವಲ್ಯೂಷನ್'ನ ಆ ಒಂದು ಟೋನ್‌ಗಾಗಿ ಐದಾರು ವರ್ಷ ಪೆಡಲ್ ಮೇಲೆ ಪೆಡಲ್ ತಂದೆ. ಪೆಡಲ್ ಅಂದರೆ ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಸಣ್ಣ ಪೆಟ್ಟಿಗೆ. ಎರಡು ಫಜ್, ಮೂರು ಡಿಸ್ಟಾರ್ಷನ್, ಎಲ್ಲವೂ ಸದ್ದನ್ನು ಬೇಕಂತಲೇ ಒಡೆಯುವಂಥವು. ಎಸ್.ಪಿ. ರೋಡಿನಲ್ಲಿ ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಹುಡುಕಿ ತಂದು ಒಂದನ್ನು ನಾನೇ ಬೆಸುಗೆ ಹಾಕಿ ಕಟ್ಟಿದೆ. ಅದು ಬೆಳಗ್ಗೆ ಒಂದು ಥರ ಕೇಳಿಸುತ್ತಿತ್ತು, ಬಿಸಿಲು ಏರಿದ ಮೇಲೆ ಇನ್ನೊಂದು ಥರ. ಜರ್ಮೇನಿಯಂ ಗುಣವೇ ಅದು, ಬಿಸಿ ಆದಷ್ಟೂ ಒಳಗೆ ಕರೆಂಟ್ ಸೋರುತ್ತದೆ. ಸದ್ದೇನೋ ಚೆನ್ನಾಗಿತ್ತು. ಆದರೆ ನಾನು ಹುಡುಕುತ್ತಿದ್ದ ಸದ್ದು ಅದಲ್ಲ. ಯಾವ ಪೆಡಲ್ ಹಾಕಿದರೂ ಟೋನ್ ಕಂಬಳಿ ಹೊದ್ದು ಕೂತ ಹಾಗಿರುತ್ತಿತ್ತು. ಹಾಡಿನಲ್ಲಿ ಆ ಕಂಬಳಿ ಇಲ್ಲವೇ ಇಲ್ಲ.

ದಾರಿ ಸಿಕ್ಕಿದ್ದು ಗಣೇಶನ ಪೆಂಡಾಲಿನಲ್ಲಿ. ಅವತ್ತು ಮಳೆ. ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ನೆನೆಯುವುದು ಬೇಡ ಅಂತ ಗಾಡಿಯಲ್ಲೇ ಬಿಟ್ಟು, ಗಿಟಾರನ್ನು ನೇರ ಮಿಕ್ಸರ್‌ಗೇ ಕೊಟ್ಟೆ. ಆ ಚಾನೆಲ್‌ನಲ್ಲಿ ಅದಕ್ಕೂ ಮುಂಚೆ ಭಾಷಣದ ಮೈಕ್ ಇತ್ತು, ಒಳಬರುವ ಸದ್ದನ್ನು ಏರಿಸುವ ಗೇನ್ ನಾಬ್ ಪೂರ್ತಿ ಮೇಲಿತ್ತು. ನಾನು ಮೊದಲ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೊಡೆದೆ. ಕೆಂಪು ದೀಪ ಹತ್ತಿ ಹಾಗೇ ನಿಂತಿತು. ಇಡೀ ಬೀದಿಗೆ ಆ ಗರಗಸ ಕೇಳಿಸಿತು.

"ಅಣ್ಣಾ, ಸೌಂಡ್ ಒಡೀತಿದೆ, ಗೇನ್ ಇಳಿಸಿ!" ಅಂತ ನಮ್ಮ ಕೀಬೋರ್ಡ್ ಹುಡುಗ ಕೂಗಿದ.

"ಒಂದ್ನಿಮಿಷ ಹಾಗೇ ಇರ್ಲಿ ಅಣ್ಣಾ" ಅಂದೆ ನಾನು.

"ಸ್ಪೀಕರ್ ಹೋಗುತ್ತೆ ಕಣಪ್ಪಾ" ಅಂತ ಸೌಂಡ್ ಅಣ್ಣ ನಾಬ್ ತಿರುಗಿಸಿದರು. ಅವರು ಮಾಡಿದ್ದು ಸರಿ. ಆದರೆ ನನಗೆ ಬೇಕಾದ್ದು ಅಷ್ಟರಲ್ಲೇ ಸಿಕ್ಕಿತ್ತು.

ಮನೆಗೆ ಬಂದು ಆ ರೆಕಾರ್ಡಿಂಗ್ ಬಗ್ಗೆ ಓದಿದೆ. ಲಂಡನ್ನಿನ ಆಬಿ ರೋಡಿನಲ್ಲಿದ್ದ ಇಎಂಐ ಸ್ಟುಡಿಯೋ, 1968ರ ಜುಲೈ ತಿಂಗಳು. ಗಿಟಾರಿಗೆ ಆಂಪ್ ಇಲ್ಲ, ಅದರ ಮುಂದೆ ಮೈಕ್ ಕೂಡ ಇಲ್ಲ. ಗಿಟಾರನ್ನು ನೇರ ಮಿಕ್ಸಿಂಗ್ ಡೆಸ್ಕಿಗೆ, ಅಂದರೆ ಸ್ಟುಡಿಯೋದ ಮಿಕ್ಸರ್‌ಗೆ, ಕೊಟ್ಟಿದ್ದರು. ಎಂಜಿನಿಯರ್ ಜೆಫ್ ಎಮೆರಿಕ್, ಡೆಸ್ಕಿನೊಳಗೆ ಸದ್ದನ್ನು ಮೊದಲು ಏರಿಸುವ ಒಂದು ಪ್ರೀಆಂಪಿನಿಂದ ಹೊರಟ ಸದ್ದನ್ನು ಇನ್ನೊಂದು ಪ್ರೀಆಂಪಿಗೆ ಕೊಟ್ಟು, ಎರಡನ್ನೂ ಅವುಗಳ ಮಿತಿ ಮೀರಿ ಓಡಿಸಿದ್ದರು. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇದ್ದ ಡೆಸ್ಕ್ ಅದು. ಹಾಗೆ ಬಳಸುವುದು ಆ ಸ್ಟುಡಿಯೋದ ಶಿಸ್ತಿಗೆ ಪೂರ್ತಿ ವಿರುದ್ಧವಾಗಿತ್ತು.

ಕಂಬಳಿಯ ಗುಟ್ಟು ಅಲ್ಲಿ ಬಿಡಿಸಿಕೊಂಡಿತು. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5000 ಹರ್ಟ್ಸ್ ದಾಟಿದ ಮೇಲಿನ ಸದ್ದನ್ನು ಹೊರಗೆ ಬಿಡುವುದೇ ಕಡಿಮೆ. ನಮ್ಮ ಕಿವಿಗೆ ಅದೇ ಅಭ್ಯಾಸ. ಸ್ಪೀಕರನ್ನು ದಾರಿಯಿಂದ ತೆಗೆದರೆ, ಒಡೆದ ಸದ್ದಿನ ಚೂಪು ತುದಿಗಳೆಲ್ಲ ಹಾಗೇ ಟೇಪಿಗೆ ಹೋಗುತ್ತವೆ. ಇದು ನಿಜವೇ ಅಂತ ನೋಡಲು ಹಾಡಿನ ಮೊದಲ ನಾಲ್ಕು ಸೆಕೆಂಡನ್ನು ಕಂಪ್ಯೂಟರಿಗೆ ಹಾಕಿ, 5000ದ ಮೇಲಿನದ್ದನ್ನೆಲ್ಲ ಫಿಲ್ಟರ್‌ನಲ್ಲಿ ಕತ್ತರಿಸಿದೆ. ತಕ್ಷಣ ಅದು ನನ್ನ ಫಜ್ ಪೆಡಲಿನ ಅಣ್ಣತಮ್ಮನ ಹಾಗೆ ಕೇಳಿಸಿತು! ಅಷ್ಟು ವರ್ಷ ನಾನು ಒಂದೊಂದನ್ನೇ ಸೇರಿಸುತ್ತಾ ಹೋಗಿದ್ದೆ. ತೆಗೆಯಬೇಕಾದ್ದು ಆಂಪ್ ಆಗಿತ್ತು.

ಇನ್ನೊಂದು ವಿಷಯ ಓದಿ ರೋಮಾಂಚನವಾಯಿತು. ಫಜ್ ಪೆಡಲ್ ಹುಟ್ಟಿದ್ದೇ ಕೆಟ್ಟುಹೋದ ಡೆಸ್ಕಿನಿಂದ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್‌ರ 'ಡೋಂಟ್ ವರಿ' ಹಾಡಿನಲ್ಲಿ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಇದ್ದಕ್ಕಿದ್ದ ಹಾಗೆ ಒಡೆದು ಗೊರಗುಟ್ಟುತ್ತದೆ. ನ್ಯಾಶ್‌ವಿಲ್‌ನ ಆ ಸ್ಟುಡಿಯೋದಲ್ಲಿ ಡೆಸ್ಕಿನ ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನು ಅಳಿಸದೆ ಉಳಿಸಿದರು. ಆಮೇಲೆ ಅದೇ ಸದ್ದನ್ನು ಟ್ರಾನ್ಸಿಸ್ಟರ್ ಹಾಕಿದ ಒಂದು ಪೆಟ್ಟಿಗೆಗೆ ಇಳಿಸಿದರು. ಅದೇ ಮಾಸ್ಟ್ರೋ ಫಜ್-ಟೋನ್. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ 'ಸ್ಯಾಟಿಸ್‌ಫ್ಯಾಕ್ಷನ್'ನಲ್ಲಿ ಕೀತ್ ರಿಚರ್ಡ್ಸ್ ಬಳಸಿದ್ದು ಅದನ್ನೇ. ಅಂದರೆ ಪೆಡಲ್ ಡೆಸ್ಕನ್ನು ನಕಲು ಮಾಡಿತ್ತು. ನಾನು ಆ ನಕಲನ್ನು ಹಿಡಿದುಕೊಂಡು ಮತ್ತೆ ಡೆಸ್ಕಿನ ಸದ್ದು ತೆಗೆಯಲು ಒದ್ದಾಡುತ್ತಿದ್ದೆ.

ಸರಿ, ಮಾಡಿದ್ದು ಹೇಗೆ ಅಂತ ಹೇಳುತ್ತೇನೆ. ನನ್ನ ಹತ್ತಿರ ಎಂಟು ಚಾನೆಲ್‌ನ ಸಣ್ಣ ಮಿಕ್ಸರ್ ಇದೆ. ಗಿಟಾರನ್ನು ಡಿಐ ಬಾಕ್ಸ್ ಮೂಲಕ ಮೊದಲ ಚಾನೆಲ್‌ನ ಮೈಕ್ ಇನ್‌ಪುಟ್‌ಗೆ ಕೊಟ್ಟೆ. ಡಿಐ ಬಾಕ್ಸ್ ಬೇಕೇ ಬೇಕು. ಗಿಟಾರಿನ ಪಿಕಪ್ಪನ್ನು (ತಂತಿಯ ಕಂಪನವನ್ನು ಕರೆಂಟಾಗಿ ಬದಲಿಸುವ ಭಾಗ) ಅದಿಲ್ಲದೆ ನೇರ ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಅದರ ಮೇಲೆ ಭಾರ ಬಿದ್ದು ಮೇಲಿನ ಸ್ವರಗಳು ಮಂಕಾಗುತ್ತವೆ. ಮೊದಲ ಚಾನೆಲ್‌ನ ಆಕ್ಸ್ ನಾಬ್ ಏರಿಸಿ, ಮಿಕ್ಸರಿನ ಆಕ್ಸ್ ಔಟ್‌ನಿಂದ (ಚಾನೆಲ್‌ನ ಸದ್ದನ್ನು ಬೇರೆ ಕಡೆ ಕಳಿಸುವ ದಾರಿ) ಒಂದು ಕೇಬಲ್ ತೆಗೆದು ಎರಡನೇ ಚಾನೆಲ್‌ಗೆ ಹಾಕಿದೆ. ರೆಕಾರ್ಡ್ ಮಾಡಿದ್ದು ಎರಡನೆಯದನ್ನು ಮಾತ್ರ.

ಇಲ್ಲಿ ಒಂದು ಎಚ್ಚರಿಕೆ. ಎರಡನೇ ಚಾನೆಲ್‌ನ ಆಕ್ಸ್ ನಾಬ್ ಸೊನ್ನೆಯಲ್ಲೇ ಇರಬೇಕು. ಮೊದಲ ರಾತ್ರಿ ನಾನು ಅದನ್ನು ಗಮನಿಸಲಿಲ್ಲ. ಸದ್ದು ತನ್ನ ಬಾಲವನ್ನು ತಾನೇ ಹಿಡಿದುಕೊಂಡು ಸುತ್ತಿ, ಹೆಡ್‌ಫೋನಿನಲ್ಲಿ ಕೀಂಯ್ ಅಂತ ಕಿರುಚಿತು. ಕಿವಿಯಲ್ಲಿ ಮಾರನೇ ದಿನದವರೆಗೂ ಗುಂಯ್ ಅನ್ನುತ್ತಿತ್ತು. ಈಗ ಏನೇ ವೈರಿಂಗ್ ಬದಲಿಸಿದರೂ ಹೆಡ್‌ಫೋನ್ ತೆಗೆದಿಟ್ಟು, ಮೀಟರ್ ನೋಡಿ, ಆಮೇಲೆ ಹಾಕಿಕೊಳ್ಳುತ್ತೇನೆ.

ಎರಡೂ ಗೇನ್ ಪೂರ್ತಿ ಏರಿಸಿದೆ. ಬರೀ ಕೆಸರು. ಕಾರ್ಡಿನ ಸ್ವರಗಳು ಒಂದರ ಮೇಲೊಂದು ಬಿದ್ದು ಏನೂ ತಿಳಿಯಲಿಲ್ಲ. ಮೂರು ವಾರ ಸುಮ್ನೆ ನಾಬ್ ತಿರುಗಿಸಿದ ಮೇಲೆ ಎರಡು ವಿಷಯ ಕೈಗೆ ಹತ್ತಿದವು. ಮೊದಲ ಚಾನೆಲ್ ಒಡೆಯುವ ಅಂಚಿನಲ್ಲಿರಬೇಕು, ಜೋರಾಗಿ ಹೊಡೆದಾಗ ಮಾತ್ರ ಕೆಂಪು ದೀಪ ಮಿನುಗಬೇಕು. ಪೂರ್ತಿ ಒಡೆಯುವ ಕೆಲಸ ಎರಡನೆಯದ್ದು. ಇನ್ನೊಂದು, ಇವೆರಡರ ನಡುವೆ ಬೇಸ್ ಕಡಿಮೆ ಮಾಡಬೇಕು. ಮೊದಲ ಚಾನೆಲ್‌ನ ಈಕ್ಯೂನಲ್ಲಿ (ಸದ್ದಿನ ದಪ್ಪ, ಚೂಪು ಹೊಂದಿಸುವ ನಾಬ್‌ಗಳು) ಲೋ ನಾಬ್ ಅರ್ಧಕ್ಕಿಂತ ಜಾಸ್ತಿ ಇಳಿಸಿ, ದಪ್ಪ ಸದ್ದು ಕತ್ತರಿಸುವ ಲೋ ಕಟ್ ಬಟನ್ ಒತ್ತಿದೆ. ದಪ್ಪ ಸ್ವರಗಳು ಎರಡನೇ ಚಾನೆಲ್‌ಗೆ ಹೋಗದಿದ್ದಾಗ ಕಾರ್ಡ್ ಬಿಡಿಬಿಡಿಯಾಗಿ ಕೇಳಿಸತೊಡಗಿತು. ಬೇಕಾದ ಬೇಸನ್ನು ಕೊನೆಯಲ್ಲಿ ಸ್ವಲ್ಪ ವಾಪಸ್ ಸೇರಿಸಿದೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇರುವ ಗಿಟಾರಿನ ಬ್ರಿಜ್ ಪಿಕಪ್ಪಿನಲ್ಲಿ, ಅಂದರೆ ತಂತಿಗಳ ಬುಡದ ಹತ್ತಿರದ ಪಿಕಪ್ಪಿನಲ್ಲಿ, ಇದು ಚೆನ್ನಾಗಿ ಬಂತು.

ಪೂರ್ತಿ ಅದೇ ಬಂತು ಅಂತ ಹೇಳಲಾರೆ. ನನ್ನದು ಟ್ರಾನ್ಸಿಸ್ಟರ್ ಮಿಕ್ಸರ್, ಸ್ವರ ಮುಗಿಯುವಾಗ ತಟಕ್ಕನೆ ಕಡಿದು ಬೀಳುತ್ತದೆ. ಹಾಡಿನಲ್ಲಿ ಅದು ಇನ್ನೂ ಸ್ವಲ್ಪ ಉರಿದು ಆರುತ್ತದೆ. ಆದರೂ ಅವತ್ತು ರಾತ್ರಿ ಎರಡು ಸಲ ನುಡಿಸಿ, ಒಂದರ ಮೇಲೊಂದು ಕೂಡಿಸಿ ಕೇಳಿದಾಗ ಮೈ ಜುಮ್ಮೆಂದಿತು.

ಆಮೇಲೆ ಯಾವ ವಿಚಿತ್ರ ಟೋನ್ ಕೇಳಿದರೂ ನಾನು ಯಾವ ಪೆಡಲ್ ಅಂತ ಕೇಳಿಕೊಳ್ಳುವುದಿಲ್ಲ. ತಂತಿಯಿಂದ ಟೇಪಿನವರೆಗಿನ ದಾರಿಯಲ್ಲಿ ಇದು ಎಲ್ಲಿ ಆಗಿರಬಹುದು ಅಂತ ಹುಡುಕುತ್ತೇನೆ. ಪಿಂಕ್ ಫ್ಲಾಯ್ಡ್‌ನ 'ಎಕೋಸ್'ನಲ್ಲಿ, 1971ರದು, ಕಡಲಹಕ್ಕಿ ಅರಚಿದ ಹಾಗೆ ಬರುವ ಸದ್ದು ಇದೆಯಲ್ವಾ? ಅದು, ತುಳಿದಾಗ 'ವಾ' ಅಂತ ದನಿ ಬದಲಾಗುವ ವಾ ಪೆಡಲಿಗೆ ಎರಡು ಕೇಬಲ್ ಉಲ್ಟಾ ಹಾಕಿದ್ದು, ಅಷ್ಟೇ.

ಗಿಟಾರ್ ವಾದಕ ಪೀಟರ್ ಗ್ರೀನ್ ಟೋನ್ ಮಾತ್ರ ಇನ್ನೂ ಹಿಂದಕ್ಕೆ, ಗಿಟಾರಿನ ಒಳಗೇ ಕರೆದೊಯ್ಯಿತು. ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಮೊದಲ ವರ್ಷಗಳಲ್ಲಿ ಅವರ 1959ರ ಲೆಸ್ ಪಾಲ್ ಗಿಟಾರ್ ಮೂಗಿನಿಂದ ಹಾಡಿದ ಹಾಗೆ, ಸೊರಗಿದ ದನಿಯಲ್ಲಿ ಕೇಳಿಸುತ್ತದೆ. ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗ ಮಾತ್ರ. ಅದರ ನೆಕ್ ಪಿಕಪ್, ಅಂದರೆ ಗಿಟಾರಿನ ಕತ್ತಿನ ಕಡೆಯದು, ಹಿಂದುಮುಂದಾಗಿ ಕೂತಿತ್ತು, ಹಾಗಾಗಿ ಗುಟ್ಟು ಅದೇ ಅಂತ ಎಷ್ಟೋ ಜನ ತಮ್ಮ ಪಿಕಪ್ಪನ್ನೂ ತಿರುಗಿಸಿ ಕೂರಿಸಿದರು. ನಾನೂ ತಿರುಗಿಸಿದೆ. ಏನೂ ಆಗಲಿಲ್ಲ. ನಿಜವಾಗಿ ತಿರುಗಿದ್ದು ಪಿಕಪ್ಪಿನ ಒಳಗಿನ ಆಯಸ್ಕಾಂತ. ಅದು ಮಗುಚಿದರೆ ಎರಡು ಪಿಕಪ್‌ಗಳ ಸದ್ದು ಒಂದಕ್ಕೊಂದು ಎದುರಾಗುತ್ತದೆ. ಎರಡರಲ್ಲೂ ಸಮವಾಗಿರುವುದು, ಮುಖ್ಯವಾಗಿ ಬೇಸ್, ಅಳಿಸಿಹೋಗುತ್ತದೆ. ಬೇರೆ ಬೇರೆಯಾಗಿರುವುದಷ್ಟೇ ಉಳಿಯುತ್ತದೆ.

ನನ್ನ ಲೆಸ್ ಪಾಲ್ ಮಾದರಿಯ ಗಿಟಾರಿನ ನೆಕ್ ಪಿಕಪ್ಪನ್ನು ಬಿಚ್ಚಿ ಟವೆಲ್ ಮೇಲೆ ಮಗುಚಿಟ್ಟೆ. ತಳದ ನಾಲ್ಕು ಸ್ಕ್ರೂಗಳನ್ನು ಪೂರ್ತಿ ತೆಗೆಯದೆ ಸಡಿಲ ಮಾಡಿದೆ. ಕಾಯಿಲ್ ಸುತ್ತಿದ ತಂತಿ ತಲೆಕೂದಲಷ್ಟು ತೆಳು, ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಪಿಕಪ್ ಹೋಯಿತು ಅಂತಲೇ ಲೆಕ್ಕ. ನಡುವೆ ಉದ್ದ ಚಪ್ಪಟೆ ಆಯಸ್ಕಾಂತ. ಅದರ ಮೇಲ್ಮೈಗೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಐಸ್‌ಕ್ರೀಮ್ ಕಡ್ಡಿಯಿಂದ ಮೆಲ್ಲಗೆ ಹೊರಗೆ ತಳ್ಳಿದೆ. ಗುರುತು ಕೆಳಗೆ ಬರುವಂತೆ ಮಗುಚಿ ಮತ್ತೆ ಒಳಗೆ ಹಾಕಿದೆ. ಎಡ ಅಂಚು ಬಲಕ್ಕೆ ಹೋಗಿರಬೇಕು, ಅದೇ ಲೆಕ್ಕ.

ಎರಡೂ ಪಿಕಪ್ ಒಟ್ಟಿಗೆ ಬರುವಂತೆ ಸ್ವಿಚ್ ನಡುವೆ ಇಟ್ಟು ನುಡಿಸಿದರೆ ಸದ್ದು ತೀರಾ ಬಡಕಲು. ಬೇಜಾರಾಯಿತು. ವಾಪಸ್ ಬಿಚ್ಚೋಣ ಅಂದುಕೊಂಡೆ.

ಅಷ್ಟರಲ್ಲಿ ನಮ್ಮ ಕೀಬೋರ್ಡ್ ಹುಡುಗ ಪ್ರಾಕ್ಟೀಸಿಗೆ ಬಂದ. ಅವನಿಗೆ ಗಿಟಾರೂ ಬರುತ್ತದೆ. ಎತ್ತಿಕೊಂಡು ಎರಡು ಸ್ವರ ನುಡಿಸಿ, "ಇದಕ್ಕೇನೋ ಆಗಿದೆ ಅಣ್ಣಾ, ರಿಪೇರಿಗೆ ಕೊಡಿ" ಅಂದ.

ನನಗೆ ಆಗ ಹೊಳೆಯಿತು. ಎರಡೂ ಪಿಕಪ್‌ಗಳ ವಾಲ್ಯೂಮ್ ಹತ್ತರಲ್ಲಿದ್ದವು. ಸಮ ಇದ್ದರೆ ತಾನೇ ಪೂರ್ತಿ ಅಳಿಸುವುದು? "ನೆಕ್ ವಾಲ್ಯೂಮ್ ಏಳಕ್ಕೆ ಇಳಿಸು" ಅಂದೆ. ಅವನು ಇಳಿಸಿದ. ಬಡಕಲು ದನಿಗೆ ಮೆಲ್ಲಗೆ ಮೈ ತುಂಬಿಕೊಂಡಿತು, ಮೂಗಿನ ಆ ರಾಗ ಮಾತ್ರ ಹಾಗೇ ಉಳಿಯಿತು. ಅವನು ತಲೆ ಎತ್ತಿ ನನ್ನ ಮುಖ ನೋಡಿದ. ಎಂಟು ಮಾಡಿದ, ಮತ್ತೆ ಆರೂವರೆಗೆ ತಂದ. ಆಮೇಲೆ ಕಣ್ಣು ಮುಚ್ಚಿ ನುಡಿಸತೊಡಗಿದ. ಅರ್ಧ ಗಂಟೆ ಗಿಟಾರ್ ನನ್ನ ಕೈಗೆ ವಾಪಸ್ ಬರಲಿಲ್ಲ.