ನಮ್ಮ ಕ್ಯಾಜುವಲ್ಟಿಯಲ್ಲಿ ಸಿಪಿಆರ್ ಕೈಹಿಡಿದದ್ದು ಹೀಗೆ

ಹಾರ್ಟ್ ನಿಂತವರ ಎದೆ ಒತ್ತಿ ರಕ್ತ ಓಡಿಸುವುದೇ ಸಿಪಿಆರ್. ಸಣ್ಣ ಆಸ್ಪತ್ರೆಯಲ್ಲಿ ಅದು ಮನೆಯವರ ಸಮಾಧಾನಕ್ಕೆ ಮಾಡುವ ಕೆಲಸ ಅಂತ ನನಗೆ ಹೇಳಿದವರು ಹೊರಗಿನವರಲ್ಲ, ನಮ್ಮ ಡಾಕ್ಟರುಗಳೇ. "ಸುಮ್ನೆ ಯಾಕ ಒದ್ದಾಡ್ತೀರಿ, ಹುಬ್ಬಳ್ಳಿಗೆ ಕಳಿಸಿಬಿಡ್ರಿ" ಅಂತಿದ್ದರು. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ. ನಾಡಿ ಇಲ್ಲದವರನ್ನು ಆಂಬುಲೆನ್ಸಿಗೆ ಹಾಕಿದರೆ ಅಣ್ಣಿಗೇರಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಈಗ ಅದೇ ಡಾಕ್ಟರುಗಳು ಫೋನ್ ಮಾಡಿ, ನೀವು ಅದೇನು ಮಾಡ್ತೀರಿ ಹೇಳ್ರಿ ಅಂತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಮೊದಲೆಲ್ಲ ನಮ್ಮಲ್ಲಿ ಹಾರ್ಟ್ ನಿಂತ ಹತ್ತು ಜನರಲ್ಲಿ ಒಬ್ಬರ ನಾಡಿ ಮರಳಿದರೆ ದೊಡ್ಡದು. ಈಗ ಮೂವರು, ನಾಲ್ವರದ್ದು ಮರಳುತ್ತದೆ. ಅವರಲ್ಲಿ ಮನೆಗೆ ನಡೆದು ಹೋಗುವವರು ಒಬ್ಬರೋ ಇಬ್ಬರೋ. ಕಣ್ಣೆದುರೇ ಹಾರ್ಟ್ ಬಡಿಯುವ ಬದಲು ಬರೀ ನಡುಗುವ ವಿಎಫ್‌ಗೆ ಹೋದವರದ್ದು ಇನ್ನೂ ಚೆನ್ನಾಗಿದೆ. ಊರಲ್ಲೇ ಕುಸಿದು, ಟಂಟಂನಲ್ಲಿ ಅರ್ಧ ಗಂಟೆ ಬಂದು, ಮಾನಿಟರ್ ಹಚ್ಚಿದಾಗ ನೇರ ಗೆರೆ ಇದ್ದವರಲ್ಲಿ ಮಾತ್ರ ಈಗಲೂ ಏನೂ ದಕ್ಕಿಲ್ಲ.

ಬಹಳ ದುಡ್ಡು ಬೇರೆ ಕಡೆ ಹೋಯಿತು. ನಾಲ್ಕೈದು ಸಿಸ್ಟರ್‌ಗಳನ್ನು ಸಿಪಿಆರ್ ಕೋರ್ಸಿಗೆ ಕಳಿಸಿದೆವು, ತಲೆಗೆ ಐದಾರು ಸಾವಿರ. ವರ್ಷ ತುಂಬುವುದರೊಳಗೆ ಹೆಚ್ಚಿನವರು ಬೇರೆ ಊರಿಗೆ ಕೆಲಸಕ್ಕೆ ಹೋದರು. ಆಮೇಲೆ ಎದೆ ಒತ್ತುವ ಯಂತ್ರದ ಏಜೆಂಟ್ ಬಂದ. ಹತ್ತು ಲಕ್ಷದ ಆಸುಪಾಸು ಹೇಳಿದ. ನಮ್ಮ ದೊಡ್ಡ ಡಾಕ್ಟ್ರು ತಗೊಳ್ಳೋಣ ಅಂದರು, ನಾನು ಬೇಡ ಅಂದೆ. 2014, 2015ರ ದೊಡ್ಡ ಟ್ರಯಲ್‌ಗಳಲ್ಲಿ ಯಂತ್ರ ಕೈಗಿಂತ ಜಾಸ್ತಿ ಜನರನ್ನು ಉಳಿಸಿರಲಿಲ್ಲ. 1960ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನವರು ಎದೆ ಒತ್ತುವ ವಿಧಾನವನ್ನು ಬರೆದಾಗಲೇ ಎರಡು ಕೈ ಇದ್ದರೆ ಸಾಕು ಅಂದಿದ್ದರು. ನಾನು ಅದಕ್ಕೆ ಒಂದು ಹಲಗೆ, ಒಂದು ಸ್ಟೂಲು, ಒಂದು ಗಡಿಯಾರ ಸೇರಿಸಿದೆ ಅಷ್ಟೇ.

ದಾರಿ ತೋರಿಸಿದ್ದು ಸಿಸಿಟಿವಿ. ಹಳೆಯ ಕೇಸುಗಳ ವಿಡಿಯೊ ಹಾಕಿಕೊಂಡು ಕೂತೆ. ಒಟ್ಟು ಹೊತ್ತಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎದೆಯ ಮೇಲೆ ಯಾರ ಕೈಯೂ ಇರಲಿಲ್ಲ. ಉಸಿರಿನ ಟ್ಯೂಬ್ ಹಾಕಲು ನಿಲ್ಲಿಸುವುದು, ಔಷಧಿ ಕೊಡಲು ನರದ ಲೈನ್ ಸಿಗಲಿಲ್ಲ ಅಂತ ನಿಲ್ಲಿಸುವುದು, ಶಾಕ್ ಕೊಡುವ ಡೀಫಿಬ್ ಯಂತ್ರ ಚಾರ್ಜ್ ಆಗುವವರೆಗೆ ನಿಲ್ಲಿಸುವುದು. ನಾಡಿ ನೋಡಲು ಹತ್ತು ಸೆಕೆಂಡ್ ಅಂತ ಹೇಳಿ ಮೂವತ್ತು ಸೆಕೆಂಡ್ ಮೂವರು ಮೂರು ಕಡೆ ಬೆರಳಿಟ್ಟು ನಿಂತಿರುತ್ತಿದ್ದರು. ಒತ್ತಿ ಒತ್ತಿ ಏರಿಸಿದ ರಕ್ತದ ಒತ್ತಡ ಕೈ ತೆಗೆದ ಕೂಡಲೇ ಇಳಿದುಬಿಡುತ್ತದೆ, ಮತ್ತೆ ಮೊದಲಿಂದ ಏರಿಸಬೇಕು. ಇದು ಎಲ್ಲರಿಗೂ ಗೊತ್ತು, ಆದರೆ ವಿಡಿಯೊದಲ್ಲಿ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಹಾಸಿಗೆ ಸ್ಪಂಜಿನದು. ಐದು ಸೆಂಟಿಮೀಟರ್ ಒತ್ತಿದೆವು ಅಂದುಕೊಂಡರೆ ಅದರಲ್ಲಿ ಅರ್ಧ ಹಾಸಿಗೆಯೇ ತಗ್ಗಿರುತ್ತದೆ. ಬಡಿಗೇರನ ಹತ್ತಿರ ಪ್ಲೈವುಡ್ ಹಲಗೆ ಮಾಡಿಸಿದೆ, ಆರುನೂರೋ ಏಳುನೂರೋ ಆಯಿತು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟೂಲು, ಸಾವಿರದ ಐನೂರು. ನಮ್ಮ ಸಿಸ್ಟರ್‌ಗಳು ಗಿಡ್ಡ, ಮಂಚ ಎತ್ತರ. ಸ್ಟೂಲಿನ ಮೇಲೆ ನಿಂತ ದಿನದಿಂದ ಅವರ ಒತ್ತು ಬೇರೆಯೇ ಆಯಿತು.

ಒತ್ತುವವರು ಇಬ್ಬರು, ಮಂಚದ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಮೂರನೆಯವರಿಗೆ ಗಡಿಯಾರ ಬಿಟ್ಟು ಬೇರೆ ಕೆಲಸವಿಲ್ಲ. ಎರಡು ನಿಮಿಷಕ್ಕೆ "ಬದಲಿ" ಅಂತ ಕೂಗಬೇಕು. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಕೈ ವಾರ್ಡ್‌ಬಾಯ್‌ದು, ಗರಡಿಯಲ್ಲಿ ಬೆಳೆದ ಹುಡುಗ. ಮೊದಮೊದಲು ಜಾಗ ಬಿಡುತ್ತಿರಲಿಲ್ಲ. "ನನಗೇನೂ ದಣಿವಾಗಿಲ್ರಿ ಸರ, ಇನ್ನೂ ಒತ್ತತೇನಿ" ಅಂತಿದ್ದ. ದಣಿವು ಗೊತ್ತಾಗುವ ಮೊದಲೇ ಆಳ ಕಡಿಮೆಯಾಗಿರುತ್ತದೆ. ಅವನಿಗೂ ವಿಡಿಯೊ ತೋರಿಸಿದ ಮೇಲೆ ಒಪ್ಪಿದ. ಡೀಫಿಬ್ ಅನ್ನು ಮಾನಿಟರಿನಲ್ಲಿ ಹಾರ್ಟಿನ ಲಯ ನೋಡುವ ಹದಿನೈದು ಸೆಕೆಂಡ್ ಮುಂಚೆಯೇ, ಒತ್ತುತ್ತಿರುವಾಗಲೇ ಚಾರ್ಜ್ ಮಾಡುತ್ತೇವೆ. ಈಗ ಬದಲಿ, ಲಯ, ಶಾಕ್ ಎಲ್ಲ ಸೇರಿ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟು ಬೇಗ ಹೇಗೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಬಂದರೆ ಮಾಡಿ ತೋರಿಸುತ್ತೇನೆ.

ಮೊಬೈಲಿನಲ್ಲಿ ತಾಳ ಹಾಕುವ ಮೆಟ್ರೊನೋಮ್ ಹಾಕಿ ನೋಡಿದೆವು, ನಿಮಿಷಕ್ಕೆ 110. ವೇಗ ಸರಿಹೋಯಿತು, ಆದರೆ ಸದ್ದಿಗೆ ಗಮನ ಕೊಟ್ಟು ಕೆಲವರು ಒತ್ತಿದ ಎದೆಯನ್ನು ಪೂರ್ತಿ ಮೇಲೆ ಬಿಡುವುದನ್ನೇ ಮರೆಯುತ್ತಿದ್ದರು. ಸದ್ದು ಸಣ್ಣದು ಮಾಡಿ ಇಟ್ಟುಕೊಂಡಿದ್ದೇವೆ. ಎಕೋ ಪ್ರೋಬ್ ಇಟ್ಟು ಹಾರ್ಟ್ ನೋಡುವುದನ್ನು ಮಾತ್ರ ಬಿಟ್ಟೆ. ನೋಡುವವರು ನೋಡುತ್ತಲೇ ಇರುತ್ತಾರೆ, ಅಷ್ಟು ಹೊತ್ತು ಒತ್ತುವುದು ನಿಂತಿರುತ್ತದೆ.

ಉಸಿರಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಎಪ್ಪತ್ತು ಸಾವಿರದ ಹತ್ತಿರ. ಅದಕ್ಕೆ ದೊಡ್ಡ ಡಾಕ್ಟ್ರ ಜೊತೆ ತಿಂಗಳುಗಟ್ಟಲೆ ಜಗಳ. ಈಗ ಅದೇ ನಮ್ಮ ಕಣ್ಣು. ಅಂಕಿ ಹತ್ತರ ಕೆಳಗೆ ಇಳಿದರೆ ಒತ್ತು ಸಾಲದು, ಒತ್ತುವವರನ್ನು ಬದಲಿಸು ಅಂತ ಅರ್ಥ. ಹಾರ್ಟ್ ಶುರುವಾದರೆ ಅಂಕಿ ಜಿಗಿಯುತ್ತದೆ, ಹಾಗಾಗಿ ನಾಡಿ ಹುಡುಕುವ ಜಗಳವೂ ನಿಂತಿತು.

ಮುಂಡರಗಿ ಕಡೆಯ ಉಳ್ಳಾಗಡ್ಡಿ ಬೆಳೆಯುವ ರೈತರೊಬ್ಬರು, ಐವತ್ತು ದಾಟಿದವರು, ಎದೆನೋವು ಅಂತ ಬಂದರು. ಇಸಿಜಿ ತೆಗೆಯುವಾಗಲೇ ವಿಎಫ್. ಒಂದು ನಿಮಿಷದೊಳಗೆ ಶಾಕ್. ಎರಡನೆಯದು, ಮೂರನೆಯದು, ಲಯ ಸರಿಪಡಿಸುವ ಔಷಧಿ ಅಮಿಯೋಡರೋನ್ 300 ಮಿಲಿಗ್ರಾಂ, ಊಹೂಂ. ಆ ಮಧ್ಯೆ ಅವರ ಕೈ ಮೇಲೆದ್ದು ಒತ್ತುತ್ತಿದ್ದ ಹುಡುಗನ ಮಣಿಕಟ್ಟು ಹಿಡಿಯಿತು. "ಸರ, ಎಚ್ಚರ ಆಗ್ಯಾರ!" ಅಂತ ಸಿಸ್ಟರ್ ಕೂಗಿದರು. ಮಾನಿಟರ್‌ನಲ್ಲಿ ಇನ್ನೂ ವಿಎಫ್ ಕುಣಿಯುತ್ತಿತ್ತು. "ಕೈ ತೆಗೀಬ್ಯಾಡೋ" ಅಂದೆ. ಒತ್ತು ಚೆನ್ನಾಗಿದ್ದರೆ ಮೆದುಳಿಗೆ ಅಷ್ಟು ರಕ್ತ ಹೋಗುತ್ತದೆ, ನಿಲ್ಲಿಸಿದರೆ ಕೈ ಮತ್ತೆ ಬೀಳುತ್ತದೆ. ಮಂಪರಿಗೆ ಸ್ವಲ್ಪ ಕೆಟಮಿನ್ ಕೊಟ್ಟೆವು. ಶಾಕ್ ಕೊಡುವ ಪ್ಯಾಡ್‌ಗಳನ್ನು ಎದೆಗೊಂದು, ಬೆನ್ನಿಗೊಂದು ಹಚ್ಚಿದೆವು. 2022ರಲ್ಲಿ ಕೆನಡಾದವರ ಟ್ರಯಲ್‌ನಲ್ಲಿ ಹೀಗೆ ಶಾಕ್ ಹೋಗುವ ದಿಕ್ಕು ಬದಲಿಸಿದವರಲ್ಲಿ ಹೆಚ್ಚು ಜನ ಉಳಿದಿದ್ದರು. ಹೊಸ ಪ್ಯಾಡ್ ಜೋಡಿಗೆ ಮೂರು ಸಾವಿರ, ಬಿಲ್ಲಿಗೆ ಹಾಕಲಿಲ್ಲ. ನಾಲ್ಕನೇ ಶಾಕ್ ಆಗಿ ಒತ್ತುತ್ತಿರುವಾಗಲೇ ಕ್ಯಾಪ್ನೋ ಹದಿನೈದರಿಂದ ಮೂವತ್ತೆಂಟಕ್ಕೆ ಜಿಗಿಯಿತು. ನಾಡಿ ನಿಂತ ಮೇಲೆ, ಅದೂ ನಮ್ಮ ಆಸ್ಪತ್ರೆಯಿಂದ, ಹುಬ್ಬಳ್ಳಿಗೆ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದವರಲ್ಲಿ ಅವರೇ ಮೊದಲಿಗರು.

ಈಗ ಡಯಾಲಿಸಿಸ್ ರೋಗಿಗಳ ಹಿಂದೆ ಬಿದ್ದಿದ್ದೇನೆ. ಎರಡು ಸರದಿ ತಪ್ಪಿಸಿ, ರಕ್ತದಲ್ಲಿ ಪೊಟ್ಯಾಸಿಯಂ ಏರಿಸಿಕೊಂಡು ಬಂದು ಹಾರ್ಟ್ ನಿಲ್ಲುವವರು. ಅವರಿಗೆ ಶಾಕ್‌ಗಿಂತ ಕ್ಯಾಲ್ಸಿಯಂ ಮುಖ್ಯ. ಕ್ಯಾಲ್ಸಿಯಂ ಗ್ಲುಕೋನೇಟ್, ಬೈಕಾರ್ಬ್, ಇನ್ಸುಲಿನ್, ಗ್ಲೂಕೋಸ್ ಇರುವ ಬೇರೆ ಟ್ರೇ ಮಾಡಿ ಮಂಚದ ತಲೆಗೇ ಇಟ್ಟಿದ್ದೇವೆ. ಇಬ್ಬರು ಮೂವರಲ್ಲಿ ಕೆಲಸ ಮಾಡಿದೆ, ಇನ್ನಷ್ಟು ಕೇಸ್ ಆದ ಮೇಲೆ ಅದರ ಲೆಕ್ಕ ಬರೆಯುತ್ತೇನೆ.